ಗುಂಟೆ, ಸೆಂಟ್ಸ್, ಹೆಕ್ಟೇರ್: ಭೂಮಿಯ ಅಳತೆ ನಡೆದು ಬಂದ ದಾರಿ

ವಾಮನಮೂರ್ತಿಯು ತನ್ನ ಪಾದದ ಅಳತೆಯ ಮೂರು ಹೆಜ್ಜೆ ಭೂಮಿಯನ್ನು ಯಾಚಿಸಿದಾಗ, ಆ ಪಾದದ ಅಳತೆ ಎಷ್ಟೆಂಬುದನ್ನು ಬಲಿಚಕ್ರವರ್ತಿಯು ಅರಿತಿರಲಿಲ್ಲ. ಭಗವಂತನ ಲೀಲೆಯ ಮಾತು ಬೇರೆ. ಲೌಕಿಕ ವ್ಯವಹಾರದಲ್ಲಾದರೋ ಕೊಡುವವರೂ ಕೊಳ್ಳುವವರೂ ಮೊದಲು ಅಳತೆಗೋಲನ್ನು ನಿಶ್ಚಯಿಸಿಕೊಳ್ಳಲೇಬೇಕು. ಏಕೆಂದರೆ ಒಂದೇ ಹೆಸರಿನ ಅಳತೆಯು ಕಾಲಕಾಲಕ್ಕೂ ಸೀಮೆಸೀಮೆಗೂ ಬದಲಾಗುತ್ತ ಬಂದಿದೆ.

ಪ್ರಾಚೀನರ ಲೆಕ್ಕದಲ್ಲಿ 24 ಅಂಗುಲಗಳಿಗೆ ಒಂದು ಹಸ್ತ, 4 ಹಸ್ತಗಳಿಗೆ ಒಂದು ದಂಡ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ನಿವರ್ತನ’ವೆಂದರೆ 30 ದಂಡಗಳು. ಹಸ್ತವನ್ನು 18 ಇಂಚು, ಅಂದರೆ ಒಂದೂವರೆ ಅಡಿಯೆಂದು ಹಿಡಿದರೆ ಇದು 180 ಅಡಿ. ಆ ಬಾಹುವಿನ ಚೌಕವು ಇಂದಿನ ಸುಮಾರು 30 ಗುಂಟೆ. ಆದರೆ 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ನಿವರ್ತನದ ಬಾಹು 20 ವಂಶ, ಅಂದರೆ 200 ಹಸ್ತ. ಅದೇ ಲೆಕ್ಕದಲ್ಲಿ ಇದು 300 ಅಡಿಯಾಗಿ, ಕ್ಷೇತ್ರಫಲವು 82 ಗುಂಟೆಯನ್ನು ಮೀರುತ್ತದೆ. ಹೆಸರು ಒಂದೇ, ಭೂಮಿ ಬೇರೆ. ಬ್ರಹ್ಮದೇಯಕ್ಕೆ 192 ಅಂಗುಲಗಳ ದಂಡವನ್ನು ಕೌಟಿಲ್ಯನು ಪ್ರತ್ಯೇಕವಾಗಿ ಹೇಳಿರುವುದು ಗಮನಾರ್ಹ. ಸಾಮಾನ್ಯ ದಂಡಕ್ಕೆ 96 ಅಂಗುಲ. ಕೋಲು ಇಮ್ಮಡಿಯಾದರೆ ಅದರಿಂದ ಅಳೆದ ಚೌಕವು ನಾಲ್ಮಡಿಯಾಗುತ್ತದೆ. ಉದ್ದದ ಪರಿವರ್ತನೆಯೇ ಬೇರೆ, ಕ್ಷೇತ್ರದ ಪರಿವರ್ತನೆಯೇ ಬೇರೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ.

ಮರಾಠರ ಆಳ್ವಿಕೆಯಲ್ಲಿ ‘ಕಾಠಿ’ ಎಂಬ ಕೋಲು ರೂಢಿಯಲ್ಲಿತ್ತು. ಐದು ಕೈ ಐದು ಮುಷ್ಟಿಗೆ ಒಂದು ಕಾಠಿ. 20 ಚದರ ಕಾಠಿಗೆ ಒಂದು ಪಾಂಡ. 20 ಪಾಂಡಕ್ಕೆ ಒಂದು ಬಿಘಾ. ಅಳೆಯುವವನ ಕೈ ಉದ್ದವಾದರೆ ಬಿಘಾವೂ ಹಿಗ್ಗುತ್ತಿತ್ತು. ಈ ಅನಿಶ್ಚಯಕ್ಕೆ ಕೊನೆ ಹಾಡಿದ್ದು ಕಬ್ಬಿಣದ ಸರಪಳಿ. ಎಡ್ಮಂಡ್ ಗಂಟರ್ ಎಂಬ ಆಂಗ್ಲ ಗಣಿತಜ್ಞನು 1620ರ ಸುಮಾರಿಗೆ 100 ಕೊಂಡಿಗಳ, 66 ಅಡಿ ಉದ್ದದ ಸರಪಳಿಯನ್ನು ರೂಪಿಸಿದನು. ಇಂತಹ 80 ಸರಪಳಿಗಳಿಗೆ ಒಂದು ಮೈಲಿ, 10 ಚದರ ಸರಪಳಿಗಳಿಗೆ ಒಂದು ಎಕರೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಬಂದ ಮೊದಲ ರೈಲಿನ 21 ಮೈಲಿಯ ದಾರಿಯು ಈ ಲೆಕ್ಕದಲ್ಲಿ 1680 ಸರಪಳಿ.

ಮುಂಬಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1836ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಿಂದ ಹೊಸ ಕಂದಾಯ ಮೋಜಣಿಯನ್ನು ಆರಂಭಿಸಿದರು. ಇಲ್ಲಿ ಬಳಕೆಗೆ ಬಂದದ್ದು 33 ಅಡಿಯ ಸರಪಳಿ. ಅದರಲ್ಲಿ 16 ಆಣೆಯ ವಿಭಾಗಗಳು. 33 ಅಡಿಯ ಚೌಕವೇ 1089 ಚದರ ಅಡಿಯ ಗುಂಟೆ. 40 ಗುಂಟೆಗೆ ಒಂದು ಎಕರೆ. ಈ ಪದ್ಧತಿಯು 1840ರ ದಶಕದಲ್ಲಿ ಧಾರವಾಡ ಸೀಮೆಗೂ, 1863ರಿಂದ ಮೈಸೂರು ಸಂಸ್ಥಾನಕ್ಕೂ ಹಬ್ಬಿತು. ಮದರಾಸು ಪ್ರಾಂತದಲ್ಲಿಯಾದರೋ ಎಕರೆಯನ್ನು ನೂರು ಪಾಲು ಮಾಡಿ ‘ಸೆಂಟ್’ ಎಂದರು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು; ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಆದ್ದರಿಂದಲೇ ಶ್ರೀಕೃಷ್ಣನ ಉಡುಪಿಯಲ್ಲಿ ಸೆಂಟ್ಸ್, ಶ್ರೀ ವಾದಿರಾಜರ ವೃಂದಾವನವಿರುವ ಸೋದೆಯಲ್ಲಿ ಗುಂಟೆ!

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ಮಾಧ್ವ ಕುಟುಂಬಗಳಲ್ಲಿ ಕರಾವಳಿಯವರೂ ಇದ್ದಾರೆ, ಧಾರವಾಡ-ವಿಜಾಪುರಗಳ ಕಡೆಯವರೂ ಇದ್ದಾರೆ. ಹಿರಿಯರ ಆಸ್ತಿಯ ಪಾಲುಪತ್ರವನ್ನು ಓದುವಾಗ ಈ ಭೇದವನ್ನು ಮರೆಯಲಾಗದು. ಒಂದು ಗುಂಟೆಯೆಂದರೆ ಎರಡೂವರೆ ಸೆಂಟ್ಸ್. ಪತ್ರದಲ್ಲಿ ‘1-20’ ಎಂದಿದ್ದರೆ, ಧಾರವಾಡದ ಕಡೆ ಅದು 1 ಎಕರೆ 20 ಗುಂಟೆ, ಅಂದರೆ ಒಂದೂವರೆ ಎಕರೆ. ಉಡುಪಿಯ ಕಡೆ ಅದೇ ಅಂಕೆಯು 1 ಎಕರೆ 20 ಸೆಂಟ್ಸ್. ನಡುವಿನ ಅಂತರವು 12 ಗುಂಟೆ, ಅಂದರೆ 13,068 ಚದರ ಅಡಿ. ಅಣ್ಣತಮ್ಮಂದಿರ ನಡುವೆ ಮನಸ್ತಾಪ ಹುಟ್ಟಲು ಇಷ್ಟು ಸಾಕು.

ಭಾರತವು 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಮಹಾರಾಷ್ಟ್ರದ ಸಾತಬಾರಾ ಉತಾರದಲ್ಲಿ ಇಂದು ಹೆಕ್ಟೇರ್, ಆರ್, ಚದರ ಮೀಟರ್‌ಗಳು ಕಾಣುತ್ತವೆ. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ನಿರ್ಮಿಸಿದ ನವಿ ಮುಂಬಯಿಯಲ್ಲಿ ನಿವೇಶನಗಳ ಲೆಕ್ಕವೂ ಚದರ ಮೀಟರಿನದೇ. ಒಂದು ಆರ್ ಎಂದರೆ 100 ಚದರ ಮೀಟರ್. ಒಂದು ಗುಂಟೆ 101.17 ಚದರ ಮೀಟರ್. ಮಾತಿನ ಓಟದಲ್ಲಿ ಇವೆರಡೂ ಒಂದೇ ಎನ್ನುವವರುಂಟು. ಆದರೆ 40 ಗುಂಟೆಯ ಒಂದು ಎಕರೆಯನ್ನು 40 ಆರ್ ಎಂದು ಬರೆದರೆ ಸುಮಾರು 504 ಚದರ ಅಡಿ ಕೈತಪ್ಪುತ್ತದೆ. ಡೊಂಬಿವಲಿಯಲ್ಲಿ ಅಷ್ಟು ಜಾಗದಲ್ಲಿ ಒಂದು ಸಂಸಾರ ಬಾಳುತ್ತದೆ.

ಹಳೆಯ ಕಾಗದಪತ್ರಗಳನ್ನು ಬಿಡಿಸುವ ಮುನ್ನ ಅವು ಯಾವ ಸೀಮೆಯವು, ಯಾವ ಕಾಲದವು ಎಂಬುದನ್ನು ನೋಡಿಕೊಂಡು, ಮೂಲ ಅಳತೆಯನ್ನೂ ಪರಿವರ್ತಿತ ಅಳತೆಯನ್ನೂ ಪಕ್ಕಪಕ್ಕದಲ್ಲಿ ಬರೆದಿಡುವುದು ಮುಂದಿನ ಪೀಳಿಗೆಗೆ ಮಾಡುವ ಉಪಕಾರ. ಭೂಮಿ ಭಗವಂತನದು, ಅದರ ಲೆಕ್ಕವನ್ನು ಶುದ್ಧವಾಗಿಡುವ ಹೊಣೆ ಮಾತ್ರ ನಮ್ಮದು.

|| ಶ್ರೀ ಕೃಷ್ಣಾರ್ಪಣಮಸ್ತು ||