ಮೊಣಕಾಲುದ್ದದ ಸಮುದ್ರ

ನಾನು ಹುಟ್ಟಿ ಬೆಳೆದದ್ದು ಕುಂದಾಪುರದಲ್ಲಿ. ಮಳೆಗಾಲದ ರಾತ್ರಿ ಮಲಗಿದರೆ ಕೋಡಿಯ ಕಡಲಿನ ಮೊರೆತ ಕಿವಿಗೆ ಬೀಳುತ್ತಿತ್ತು. ಆದರೂ ನನ್ನ ಪಾಲಿಗೆ ಸಮುದ್ರವೆಂದರೆ ಮೊಣಕಾಲಿನವರೆಗೆ ಮಾತ್ರ. ಕರ್ಕಾಟಕ ಅಮಾವಾಸ್ಯೆಗೆ ಮರವಂತೆಯ ಜಾತ್ರೆಗೆ ಹೋದಾಗಲೂ ಅಷ್ಟೇ. ಅಣ್ಣಂದಿರು ತೆರೆಗೆ ಎದೆಯೊಡ್ಡಿ ಕೂಗಾಡುತ್ತಿದ್ದರೆ ನಾವು ಹುಡುಗಿಯರು ದಡದಲ್ಲಿ ಕುಳಿತು ಚೊಂಬಿನಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದೆವು. ನಾನೂ ಹೋಗುತ್ತೇನೆ ಎಂದರೆ ಅಜ್ಜಿ, "ಹೆಣ್ಣುಮಕ್ಕಳಿಗೆ ಅದೆಲ್ಲ ಎಂತಕ್ಕೆ ಮಗಾ?" ಎನ್ನುತ್ತಿದ್ದರು. ಆ ಮಾತಿಗೆ ಎದುರುತ್ತರ ನನಗೆ ಆಗ ಹೊಳೆಯಲಿಲ್ಲ.

ಇಷ್ಟು ವರ್ಷಗಳ ಮೇಲೆ ಅದೇ ಮಾತನ್ನು ನಾನೇ ಆಡಿಬಿಟ್ಟೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಮಗಳು, ಎರಡು ಮಕ್ಕಳ ತಾಯಿ, ಹಲಗೆಯ ಮೇಲೆ ನಿಂತು ತೆರೆಯೇರುವ ಸರ್ಫಿಂಗ್ ಕಲಿಯಲು ಹೊರಟಿದ್ದಳು. ಸುದ್ದಿಯನ್ನು ಫೋನಿನಲ್ಲಿ ಕೇಳಿದ ಕೂಡಲೇ "ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ?" ಎಂದು ಗದರಿದೆ. ಅವಳು ಜಗಳವಾಡಲಿಲ್ಲ. "ನೀನು ಬಾ ಅಮ್ಮ, ನೋಡಿ ಆಮೇಲೆ ಬೈ" ಎಂದಳು. ಬೈಯುವುದಕ್ಕೆಂದೇ ಸಿದ್ಧಳಾಗಿ ಹೋದೆ ಅನ್ನಿ.

ಆ ಊರಿನ ಪಶ್ಚಿಮದ ಅಂಚೇ ಓಶನ್ ಬೀಚ್. ಪೇಟೆಯ ನಡುವೆ ಟ್ರಾಮ್ ಹತ್ತಿದರೆ ಕೊನೆಯ ನಿಲ್ದಾಣದಲ್ಲಿ ಶಾಂತಸಾಗರವೇ ಎದುರಾಗುತ್ತದೆ. ಐದಾರು ಕಿಲೋಮೀಟರ್ ಉದ್ದದ ಬೂದು ಮರಳು. ನಾವು ಹೋದದ್ದು ಜುಲೈ ತಿಂಗಳಲ್ಲಿ. ಬೇಸಿಗೆಯೆಂದು ಹತ್ತಿಯ ಸೀರೆ ಉಟ್ಟು ಹೊರಟವಳಿಗೆ ಮಗಳು ಒತ್ತಾಯದಿಂದ ಸ್ವೆಟರ್ ತೊಡಿಸಿದ್ದಳು. ಅಲ್ಲಿ ಇಳಿದರೆ ಮಂಜು ಕವಿದು ಹಲ್ಲು ಕಟಕಟ ಎನ್ನುವ ಚಳಿ! ನೀರಿಗೆ ಕಾಲಿಟ್ಟೆ. ಐಸಿನಲ್ಲಿ ಅದ್ದಿದಂತೆ ಪಾದದ ಮೂಳೆಗಳು ನೋಯತೊಡಗಿದವು. ನಮ್ಮ ಕಡಲು ಬಾಣಂತಿಗೆ ಕಾಯಿಸಿದ ನೀರಿನ ಹಾಗೆ ಉಗುರುಬೆಚ್ಚಗಿರುತ್ತದೆ. ಇಲ್ಲಿ ವರ್ಷದ ಬಹುಪಾಲು ಹತ್ತರಿಂದ ಹದಿನೈದು ಡಿಗ್ರಿ ಸೆಲ್ಸಿಯಸ್ ಅಷ್ಟೆ. ಉತ್ತರದಿಂದ ತಣ್ಣನೆಯ ಪ್ರವಾಹ ಹರಿದು ಬರುತ್ತದೆ. ಅದು ಸಾಲದೆಂಬಂತೆ, ವಸಂತ ಮತ್ತು ಬೇಸಿಗೆಯಲ್ಲಿ ಬೀಸುವ ವಾಯವ್ಯದ ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಸೆಳೆತವೂ ಜೋರು. ಇಲ್ಲಿ ಜನ ಮುಳುಗಿ ಸತ್ತಿದ್ದಾರೆಂದು ದಡದಲ್ಲೇ ಫಲಕಗಳಿವೆ. "ನೋಡು!" ಎಂದೆ. "ನಾನು ಇಲ್ಲಿ ಇಳಿಯುವುದಿಲ್ಲ ಅಮ್ಮ, ಇದು ಪಳಗಿದವರ ಜಾಗ" ಎಂದಳು ಮಗಳು.

ಬೀಚಿನ ಉತ್ತರದ ತುದಿಯಲ್ಲಿ ಬಂಡೆಗಳ ಕೆಳಗೆ ಪಾಳುಬಿದ್ದ ಕಾಂಕ್ರೀಟ್ ಗೋಡೆಗಳಿವೆ. ಅವುಗಳ ನಡುವೆ ಕೊಳದಂತೆ ನೀರು ನಿಂತಿದೆ. ಅದೇ ಸುಟ್ರೊ ಸ್ನಾನಗೃಹ. ಈ ಕಡಲನ್ನು ಜನ ಹೇಗೆ ಒಲಿಸಿಕೊಂಡರೆಂಬ ಕತೆ ಅಲ್ಲಿದೆ. ಅಡಾಲ್ಫ್ ಸುಟ್ರೊ ಜರ್ಮನಿಯ ಕಡೆಯಿಂದ ವಲಸೆ ಬಂದವನು. ನೆವಾಡದ ಬೆಳ್ಳಿ ಗಣಿಗಳಲ್ಲಿ ಸುರಂಗ ತೋಡಿಸಿ ಹಣ ಮಾಡಿದ, ಮುಂದೆ ಆ ನಗರದ ಮೇಯರ್ ಕೂಡ ಆದ. ಇಷ್ಟು ತಣ್ಣನೆಯ, ಇಷ್ಟು ಒರಟಾದ ಸಮುದ್ರಕ್ಕೆ ಜನ ಇಳಿಯಲಾರರೆಂದು ಸಮುದ್ರವನ್ನೇ ಸೂರಿನೊಳಗೆ ತಂದ. 1896ರಲ್ಲಿ ಗಾಜಿನ ಮಾಡಿನ ಕೆಳಗೆ ಏಳು ಕೊಳಗಳು ತೆರೆದವು. ಭರತದ ಹೊತ್ತಿಗೆ ತಾನಾಗಿ ನುಗ್ಗುವ ನೀರೇ ಸುಮಾರು 17 ಲಕ್ಷ ಗ್ಯಾಲನ್‌ನಷ್ಟು ತುಂಬಿಕೊಳ್ಳುತ್ತಿತ್ತು. ಕೊಳದಿಂದ ಕೊಳಕ್ಕೆ ಬಿಸಿ ಬೇರೆ ಬೇರೆ. ಬಡವರೂ ಬರಲಿ ಎಂದು ರೈಲು ಕಂಪನಿಯ ದುಬಾರಿ ಟಿಕೇಟಿನ ವಿರುದ್ಧ ಹೋರಾಡಿ, ಐದು ಸೆಂಟಿಗೆ ಕರೆತರುವ ತನ್ನದೇ ಟ್ರಾಮನ್ನೂ ಓಡಿಸಿದ.

ಅಲ್ಲಿ ಬಾಡಿಗೆಗೆ ಕೊಡಲು 20,000 ಈಜುಡುಗೆಗಳಿದ್ದವಂತೆ. ಉಣ್ಣೆಯವು. ನೆನೆದ ಕಂಬಳಿಯನ್ನು ಒಗೆದು ಹಿಂಡಿದವರಿಗೆ ಗೊತ್ತು, ನೀರು ಕುಡಿದ ಉಣ್ಣೆಯ ಭಾರ ಎಷ್ಟೆಂದು. ಹೆಂಗಸರು ಅದನ್ನು ತೊಟ್ಟು ಈಜುವುದಿರಲಿ, ನಿಲ್ಲುವುದೂ ಕಷ್ಟವಿದ್ದೀತು. ಆದರೂ ಇಳಿದರಲ್ಲ, ಅದು ದೊಡ್ಡದು ಎಂದುಕೊಂಡೆ.

ಆದರೆ ಆ ನೀರು ಎಲ್ಲರದಾಗಿರಲಿಲ್ಲ. 1897ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಜಾನ್ ಹ್ಯಾರಿಸ್ ಎಂಬ ಕಪ್ಪು ಜನಾಂಗದ ವ್ಯಕ್ತಿ ಟಿಕೇಟು ಕೊಂಡು ಬಂದಿದ್ದ. ಅವನನ್ನು ಕೊಳಕ್ಕೆ ಇಳಿಯಗೊಡಲಿಲ್ಲ. ಆ ವರ್ಷವಷ್ಟೇ ಕ್ಯಾಲಿಫೋರ್ನಿಯಾದಲ್ಲಿ ಇಂಥ ಭೇದವನ್ನು ನಿಷೇಧಿಸುವ ಕಾಯಿದೆ ಬಂದಿತ್ತು. ಹ್ಯಾರಿಸ್ ಕೋರ್ಟಿಗೆ ಹೋದ, ಗೆದ್ದ. ಸಿಕ್ಕ ಪರಿಹಾರ 100 ಡಾಲರ್. ಇದನ್ನು ಕೇಳಿ ಅಮೆರಿಕದವರನ್ನು ಆಡಿಕೊಳ್ಳಲು ನನಗೆ ಬಾಯಿ ಬರಲಿಲ್ಲ. ನಮ್ಮಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಲು ಅಂಬೇಡ್ಕರರು 1927ರಲ್ಲಿ ಸಾವಿರಾರು ಜನರೊಂದಿಗೆ ನಡೆದು ಹೋಗಬೇಕಾಯಿತಲ್ಲ! ನನ್ನನ್ನು ದಡದಲ್ಲಿ ಕೂರಿಸಿದವರು ಪ್ರೀತಿಯಿಂದ ಕೂರಿಸಿದರು. ಅವರನ್ನು ತಡೆದದ್ದು ತಿರಸ್ಕಾರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಆದರೆ ಯಾರು ಇಳಿಯಬಹುದು, ಯಾರು ಬಾರದು ಎಂದು ಗೆರೆ ಎಳೆಯುವುದು ನೀರಲ್ಲ, ಮನುಷ್ಯರು. ಇಷ್ಟು ಮಾತ್ರ ಎರಡೂ ಕಡೆ ಒಂದೇ.

ಸ್ನಾನಗೃಹ ಕಾಲಕ್ರಮದಲ್ಲಿ ನಷ್ಟಕ್ಕೆ ಬಿದ್ದು, ಕೆಡವುತ್ತಿರುವಾಗಲೇ 1966ರಲ್ಲಿ ಸುಟ್ಟುಹೋಯಿತು. ಅಷ್ಟರಲ್ಲಿ ಜನ ಹೊರಗಿನ ಸಮುದ್ರಕ್ಕೇ ಇಳಿಯತೊಡಗಿದ್ದರು. ತೆರೆಯೇರುವ ವಿದ್ಯೆ ಬಂದದ್ದು ಹವಾಯಿ ದ್ವೀಪಗಳಿಂದ. ಅಲ್ಲಿ ಅದು ಗಂಡಸರದಷ್ಟೇ ಹೆಂಗಸರದೂ ಆಗಿತ್ತು, ರಾಣಿಯರೂ ಹಲಗೆ ಏರುತ್ತಿದ್ದರು. 1885ರಲ್ಲಿ ಹವಾಯಿಯ ಮೂವರು ರಾಜಕುಮಾರರು ಓದಲು ಬಂದಿದ್ದಾಗ ಇಲ್ಲಿಂದ ದಕ್ಷಿಣದ ಸಾಂತಾ ಕ್ರೂಜ್‌ನಲ್ಲಿ ರೆಡ್‌ವುಡ್ ಮರದ ಹಲಗೆಗಳ ಮೇಲೆ ತೆರೆಯೇರಿ ತೋರಿಸಿದ್ದರು. ಆದರೆ ಚಳಿ ಬಿಡಬೇಕಲ್ಲ? 1950ರ ದಶಕದ ಮೊದಲಲ್ಲಿ ಹ್ಯೂ ಬ್ರ್ಯಾಡ್ನರ್ ಎಂಬ ಬರ್ಕ್ಲಿಯ ಭೌತವಿಜ್ಞಾನಿ ನೌಕಾಪಡೆಯ ಮುಳುಗುಗಾರರಿಗಾಗಿ ಒಂದು ಉಪಾಯ ಕಂಡುಹಿಡಿದ. ಬೆಚ್ಚಗಿರಲು ಮೈ ಒಣಗಿರಲೇಬೇಕೆಂದಿಲ್ಲ. ಗುಳ್ಳೆಗುಳ್ಳೆಯಾಗಿ ಗಾಳಿ ತುಂಬಿದ ರಬ್ಬರಿನ ಉಡುಪು ಮೈಗೆ ಅಂಟಿಕೊಂಡಿದ್ದರೆ ಸಾಕು, ಒಳಗೆ ಸೇರಿದ ತೆಳುವಾದ ನೀರಿನ ಪದರವನ್ನು ಮೈಯೇ ಕಾಯಿಸಿಕೊಳ್ಳುತ್ತದೆ. ಅದೇ ವೆಟ್‌ಸೂಟ್. ಜ್ಯಾಕ್ ಓನೀಲ್ 1952ರಲ್ಲಿ ಇದೇ ಓಶನ್ ಬೀಚಿನ ಬಳಿ ಒಂದು ಗ್ಯಾರೇಜಿನಲ್ಲಿ ಅಂಗಡಿ ತೆರೆದ. ಮುಂದೆ ಸರ್ಫಿಂಗ್ ಮಾಡುವವರಿಗೆ ಇಂಥ ಉಡುಪನ್ನು ಮಾರಿ ಹೆಸರಾದ.

ಚಳಿಗೆ ಉಡುಪು ಸಿಕ್ಕಿತು. ಹೆಣ್ಣಿಗೆ ಜಾಗ? ಮಗಳು ಹೇಳಿದಳು: ಸ್ಯಾನ್ ಫ್ರಾನ್ಸಿಸ್ಕೊದ ದಕ್ಷಿಣಕ್ಕೆ ಮಾವೆರಿಕ್ಸ್ ಎಂಬಲ್ಲಿ ಚಳಿಗಾಲದಲ್ಲಿ ಮೂರು ನಾಲ್ಕು ಅಂತಸ್ತಿನ ಮನೆಯೆತ್ತರದ ತೆರೆಗಳೇಳುತ್ತವೆ. ಅದನ್ನು ಏರಿದ ಮೊದಲ ಹೆಣ್ಣು ಸಾರಾ ಗರ್ಹಾರ್ಟ್, 1999ರಲ್ಲಿ. ಅದೇ ವರ್ಷ ಅಲ್ಲಿ ಸ್ಪರ್ಧೆ ಶುರುವಾಯಿತು, ಹೆಂಗಸರಿಗೆ ಮಾತ್ರ ವಿಭಾಗವೇ ಇರಲಿಲ್ಲ. ಕೆಲವು ಹೆಣ್ಣುಮಕ್ಕಳು ಸೇರಿ ದನಿಯೆತ್ತಿದರು. 2016ರಲ್ಲಿ ರಾಜ್ಯದ ಕರಾವಳಿ ಆಯೋಗ, ಹೆಂಗಸರನ್ನೂ ಸೇರಿಸಿದರೆ ಮಾತ್ರ ಪರವಾನಗಿ ಎಂದಿತು. 2019ರಲ್ಲಿ, ರಾಜ್ಯದ ನೆಲದಲ್ಲಿ ನಡೆಯುವ ಸ್ಪರ್ಧೆಗಳಲ್ಲಿ ಗಂಡಿಗೂ ಹೆಣ್ಣಿಗೂ ಬಹುಮಾನದ ಹಣ ಸಮನಾಗಿರಬೇಕೆಂಬ ಕಾಯಿದೆಯೇ ಆಯಿತು.

ಮಧ್ಯಾಹ್ನ ಕಾರಿನಲ್ಲಿ ದಕ್ಷಿಣಕ್ಕೆ ಪೆಸಿಫಿಕಾ ಎಂಬ ಊರಿಗೆ ಹೋದೆವು. ಅಲ್ಲಿಯ ಲಿಂಡಾ ಮಾರ್ ಬೀಚು ಕಲಿಯುವವರಿಗೆ ಹೇಳಿದ ಜಾಗ. ಮಗಳು ಕಪ್ಪು ವೆಟ್‌ಸೂಟಿನೊಳಗೆ ಮೈ ತೂರಿಸಲು ಒದ್ದಾಡುತ್ತಿದ್ದಳು. ಬೆನ್ನಿನ ಜಿಪ್ಪು ಅವಳ ಕೈಗೆ ಎಟುಕಲಿಲ್ಲ. ಬೈಯಲು ಬಂದವಳು ನಾನೇ ಎಳೆದು ಹಾಕಿದೆ. ಚಿಕ್ಕಂದಿನಲ್ಲಿ ಶಾಲೆಗೆ ಹೊರಟಾಗ ಅಂಗಿಯ ಗುಂಡಿ ಹಾಕಿ ಕಳಿಸುತ್ತಿದ್ದ ಬೆನ್ನೇ ಅದು.

ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಪ್ರತಿ ಸಲ ಅವಳು ತೆರೆಯಡಿ ಮರೆಯಾದಾಗ ನನ್ನ ಉಸಿರು ನಿಲ್ಲುತ್ತಿತ್ತು. ಹೆದರಿಕೆ ಹೋಯಿತೆಂದು ಸುಳ್ಳು ಹೇಳಲಾರೆ. ಈಗಲೂ ಹೋಗಿಲ್ಲ. ನನ್ನ ಅಜ್ಜಿಗೂ ಇದೇ ಹೆದರಿಕೆಯಿತ್ತೇನೋ. "ಎಂತಕ್ಕೆ?" ಎಂಬ ಪ್ರಶ್ನೆಯ ಒಳಗೆ ಅದನ್ನು ಮುಚ್ಚಿಟ್ಟಿದ್ದರು ಅಷ್ಟೆ. ಒಂದು ಸಲ ಮಾತ್ರ, ಎರಡು ಮೂರು ಕ್ಷಣದ ಮಟ್ಟಿಗೆ, ಮಗಳು ಹಲಗೆಯ ಮೇಲೆ ನೆಟ್ಟಗೆ ನಿಂತು ದಡದತ್ತ ಬಂದಳು. ಟವೆಲ್ಲನ್ನು ಎದೆಗವಚಿಕೊಂಡು ನಾನು ನೀರಿನತ್ತ ನಡೆದೆ. ಸೀರೆಯ ನೆರಿಗೆ ನೆನೆಯಿತು. ಕಾಲು ನೋಯುತ್ತಿತ್ತು. ಕೆಳಗೆ ನೋಡಿದರೆ ನೀರು ಮೊಣಕಾಲು ದಾಟಿತ್ತು.