ಶೋಕೇಸಿನಲ್ಲಿ ಬರೆಯದೆ ಉಳಿದ ಹೆಸರುಗಳು

ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲೆಯ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿದ್ದೆ. ನಾನು ಇತಿಹಾಸ ಓದಿದವನಲ್ಲ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೂ ಒಪ್ಪಿಕೊಂಡೆ. ಏಕೆಂದರೆ ಶಾಲೆಯ ಇತಿಹಾಸದಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ಒಂದು ವಸ್ತುವಿದೆ. ಅದು ಸ್ಟಾಫ್ ರೂಮಿನ ಹೊರಗೆ ಗೋಡೆಗೆ ಒರಗಿ ನಿಂತಿರುವ ಮರದ ಶೋಕೇಸ್. ಅದನ್ನು ಮಾಡಿದ ಎಂಟು ಹುಡುಗರಲ್ಲಿ ನಾನೂ ಒಬ್ಬ.

ಆಗ ನಾನು ಒಂಬತ್ತನೇ ತರಗತಿಯಲ್ಲಿದ್ದೆ, ಸ್ಕೌಟ್ ದಳದಲ್ಲೂ ಇದ್ದೆ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಒಂದು ಶಿಬಿರದಿಂದ ಶುರುವಾದ ಚಳವಳಿ ಇದು. ನಮ್ಮ ದೇಶದಲ್ಲಿ ಬೇರೆ ಬೇರೆಯಾಗಿದ್ದ ಸ್ಕೌಟ್ ಸಂಸ್ಥೆಗಳು ಸೇರಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ನಮಗೆ ಮಾತ್ರ ಸ್ಕೌಟ್ ಎಂದರೆ ಹರಿಹರ ತಾಲ್ಲೂಕಿನ ಕೊಂಡಜ್ಜಿ. ಕೊಂಡಜ್ಜಿ ಬಸಪ್ಪನವರ ಹೆಸರಿನ ತರಬೇತಿ ಕೇಂದ್ರದ ಶಿಬಿರಕ್ಕೆ ಹೋಗಿ, ಕೆರೆಯ ಗಾಳಿಯಲ್ಲಿ ಹಗ್ಗದ ಗಂಟು ಕಲಿತು ಬಂದ ಮೇಲೆ ನಮ್ಮ ಸ್ಕೌಟ್ ಮೇಷ್ಟ್ರು ಕೇಳಿದರು: “ಗಂಟು ಹಾಕೋದು ಆಯ್ತು. ಊರಿಗೆ ಏನು ಮಾಡ್ತೀರಿ?”

ಗಿಡ ನೆಡುವುದು, ಚರಂಡಿ ಸ್ವಚ್ಛ ಮಾಡುವುದು ಪ್ರತಿ ವರ್ಷ ಆಗುತ್ತಿತ್ತು. ಹಳೆಯ ವಸ್ತುಗಳನ್ನು ಊರಿನಿಂದ ಸಂಗ್ರಹಿಸಿ ಇಡಲು ಒಂದು ಶೋಕೇಸ್ ಮಾಡೋಣ ಎಂದು ಈ ಸಲ ತೀರ್ಮಾನವಾಯಿತು. ಮರ ಕೊಳ್ಳಲು ಹಣವಿರಲಿಲ್ಲ. ಹಿಂದಿನ ಕೋಣೆಯಲ್ಲಿ ಮುರಿದ ಬೆಂಚುಗಳು ರಾಶಿ ಬಿದ್ದಿದ್ದವು. ಅವು ದಾಸ್ತಾನು ಪುಸ್ತಕದಲ್ಲಿ ಇದ್ದುದರಿಂದ ಮುಟ್ಟುವ ಹಾಗಿರಲಿಲ್ಲ. ಪುಸ್ತಕದಿಂದ ಅವನ್ನು ತೆಗೆಸಿ ಅನುಮತಿ ಪಡೆಯುವುದರಲ್ಲೇ ತಿಂಗಳು ಕಳೆಯಿತು.

ಊರಿನ ಬಡಿಗೇರ ಅಜ್ಜ ನಾಲ್ಕು ಭಾನುವಾರ ಬಂದು ಕೆಲಸ ಕಲಿಸಿದರು. ಮೊದಲ ದಿನ ನಮ್ಮ ಕೈಗೆ ಗರಗಸ ಕೊಡಲೇ ಇಲ್ಲ. ಹಲಗೆಗಳಿಂದ ಮೊಳೆ ಕೀಳಿಸಿದರು. “ಒಳಗೆ ಒಂದು ಮೊಳೆ ಉಳಿದ್ರೂ ನನ್ನ ಗರಗಸದ ಹಲ್ಲು ಹೋಗ್ತತಿ” ಎಂದರು. ಎರಡನೆಯ ವಾರ ಅಳತೆ, ಮೂಲೆಮಟ್ಟ. ಚೌಕಟ್ಟಿಗೆ ಅವರು ಮೊಳೆ ಹೊಡೆಯಲು ಬಿಡಲಿಲ್ಲ. ಒಂದು ಪಟ್ಟಿಯ ತುದಿಯನ್ನು ತೆಳುವಾಗಿ ಕೆತ್ತಿ ಇನ್ನೊಂದರ ತೂತಿನಲ್ಲಿ ಬಿಗಿಯಾಗಿ ಕೂರಿಸಬೇಕು. ನಾನು ಉಳಿ ಹಿಡಿದು ಮಾಡಿದ ತೂತು ದೊಡ್ಡದಾಯಿತು. ಅಜ್ಜ ಬೈಯದೆ ಒಂದು ಸಣ್ಣ ಚಕ್ಕೆ ಸೇರಿಸಿ ಬಡಿದರು. ಕೆಳಗಿನ ಎಡ ಮೂಲೆಯಲ್ಲಿ ಆ ಚಕ್ಕೆ ಈಗಲೂ ಇದೆ. ಮಧ್ಯದ ಹಲಗೆಯ ತಳಭಾಗದಲ್ಲಿ ಹಳೆಯ ವಿದ್ಯಾರ್ಥಿಗಳು ಕೈವಾರದಿಂದ ಕೊರೆದ ಅಕ್ಷರಗಳನ್ನು ನಾವು ಹತ್ತರಿ ಹಾಕಿ ಅಳಿಸದೆ ಹಾಗೇ ಬಿಟ್ಟೆವು.

ವಸ್ತು ಕೇಳಲು ಮನೆಮನೆಗೆ ಹೋದೆವು. ಪಾವು, ಸೇರು ಬಂದವು. ಮೆಟ್ರಿಕ್ ಅಳತೆ ಬಂದ ಮೇಲೂ ನಮ್ಮ ಮನೆಗಳಲ್ಲಿ ಅಕ್ಕಿ ಅಳೆಯುತ್ತಿದ್ದುದು ಅವುಗಳಲ್ಲೇ. ಅಂಚು ಹೂವಿನ ದಳದಂತಿರುವ ಒಂದಾಣೆ ನಾಣ್ಯಗಳು ಬಂದವು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ನಯಾಪೈಸೆ ಆಯಿತು ಎಂದು ಪಾಠದಲ್ಲಿ ಓದಿದ್ದನ್ನು ಅಂದು ಕೈಯಲ್ಲಿ ಹಿಡಿದು ನೋಡಿದೆವು. ಒಬ್ಬ ಅಜ್ಜಿ ಸೆರಗಿನಲ್ಲಿ ಸುತ್ತಿ ಒಂದು ಮರದ ಬಾಬಿನ್ ತಂದುಕೊಟ್ಟರು. ಅವರ ಯಜಮಾನರು ಹತ್ತಿ ಮಿಲ್ಲಿನಲ್ಲಿ ದುಡಿದವರು. “ಇಟ್ಕಳ್ರಪ್ಪ, ಮನ್ಯಾಗೆ ಇದ್ರೆ ಒಲೆಗೆ ಹೋಗ್ತತಿ” ಎಂದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ಗುರುತು ಅದು.

ಚೀಟಿ ಬರೆಯುವ ಕೆಲಸ ನನ್ನದು. ನನ್ನ ಅಕ್ಷರ ದುಂಡಗಿತ್ತು. ‘ಪಾವು’, ‘ಸೇರು’, ‘ಒಂದಾಣೆ’, ‘ಬಾಬಿನ್’ ಎಂದು ಬರೆದು ಅಂಟಿಸಿದೆ. ಕೊಟ್ಟವರ ಹೆಸರನ್ನು ಬರೆಯಲಿಲ್ಲ. ಎಲ್ಲರಿಗೂ ಗೊತ್ತೇ ಇದೆಯಲ್ಲ ಎಂದುಕೊಂಡೆ.

ಈ ಲೇಖನಕ್ಕಾಗಿ ಹೋದ ತಿಂಗಳು ಶಾಲೆಗೆ ಬಂದಿದ್ದೆ. ಗಾಜು ಒಂದು ಕಡೆ ಸೀಳಿದೆ, ಬೀಗ ತುಕ್ಕು ಹಿಡಿದಿದೆ, ಚೌಕಟ್ಟು ಮಾತ್ರ ಅಲುಗಾಡಿಲ್ಲ. ದಾಸ್ತಾನು ಪುಸ್ತಕದಲ್ಲಿ ‘ಮರದ ಶೋಕೇಸ್ – 1’ ಎಂದಿದೆ. ಒಳಗಿರುವುದರ ಬಗ್ಗೆ ಒಂದು ಸಾಲೂ ಇಲ್ಲ. ಎಂಟನೇ ತರಗತಿಯ ಹುಡುಗಿಯೊಬ್ಬಳು ಬಾಬಿನ್ ತೋರಿಸಿ, “ಇದು ಯಾರದು ಅಣ್ಣಾ?” ಎಂದು ಕೇಳಿದಳು. ಅಜ್ಜಿಯ ಮುಖ ನೆನಪಾಯಿತು, ಹೆಸರು ಬರಲಿಲ್ಲ. ಅವರ ಮನೆಯಿದ್ದ ಓಣಿಗೆ ಹೋದೆ. ಆ ಜಾಗದಲ್ಲಿ ಮೂರಂತಸ್ತಿನ ಕಟ್ಟಡವಿದೆ, ಅಲ್ಲಿದ್ದವರೆಲ್ಲ ಹೊಸಬರು.

ಅಲ್ಲಿಂದ ನಮ್ಮೂರ ಈಶ್ವರ ದೇವಸ್ಥಾನಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತೆ. ಶಾಸನ ಕೆತ್ತಿದ ನಮ್ಮ ನಾಡಿನ ಹಿರಿಯರು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು ಎಂಬುದನ್ನು ಕಲ್ಲಿನಲ್ಲಿ ಬರೆಸುತ್ತಿದ್ದರು. ದಾನಕ್ಕೆ ತಪ್ಪಿದವರಿಗೆ ಶಾಪವನ್ನೂ ಸೇರಿಸುತ್ತಿದ್ದರು. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ದಂಡನಾಯಕ ಪೋಲಾಳ್ವ ಎಂಬುದು ಎಂಟುನೂರು ವರ್ಷಗಳ ನಂತರವೂ ನಮಗೆ ಗೊತ್ತಿದೆ. ಬಾಬಿನ್ ಕೊಟ್ಟ ಅಜ್ಜಿಯ ಹೆಸರು ಇಪ್ಪತ್ತು ವರ್ಷಕ್ಕೇ ಕಳೆದುಹೋಯಿತು. ಪೋಲಾಳ್ವನಿಗೆ ಶಾಸನ ಬರೆಯುವವರಿದ್ದರು. ಅಜ್ಜಿಗೆ ಇದ್ದವನು ನಾನೊಬ್ಬ, ನಾನು ಬರೆಯಲಿಲ್ಲ. ಇಂದು ಆಫೀಸಿನಲ್ಲಿ ಪ್ರೋಗ್ರಾಮಿನ ಒಂದು ಸಾಲು ಬದಲಿಸಿದರೂ ಯಾರು, ಯಾವಾಗ, ಏಕೆ ಎಂದು ದಾಖಲಿಸುತ್ತೇನೆ.

ಶೋಕೇಸಿಗೆ ಹೊಸ ಗಾಜು, ಬೀಗ ಹಾಕಿಸುವ ಖರ್ಚನ್ನು ನಮ್ಮ ಎಂಟು ಜನರ ಗುಂಪು ವಹಿಸಿಕೊಂಡಿದೆ. ಒಳಗೆ ಒಂದು ದಪ್ಪ ರಟ್ಟಿನ ಪುಸ್ತಕವನ್ನೂ ಇಟ್ಟಿದ್ದೇವೆ. ಅದರಲ್ಲಿ ವಸ್ತು, ಕೊಟ್ಟವರು, ಅವರು ಹೇಳಿದ ಮಾತು ಎಂದು ಮೂರು ಕಲಂಗಳಿವೆ. ಮೊದಲ ಕಲಂ ತುಂಬಿದೆ. ಸಮಾರಂಭಕ್ಕೆ ಬರುವ ಹಿರಿಯರು, ತಾಯಂದಿರು, ಹಳೆಯ ಗೆಳೆಯರು ದಯವಿಟ್ಟು ಒಮ್ಮೆ ಶೋಕೇಸಿನ ಮುಂದೆ ನಿಲ್ಲಿ. ನಿಮ್ಮ ಮನೆಯ ಪಾವು ಗುರುತು ಸಿಕ್ಕರೆ ಹೇಳಿ. ಮಿಲ್ಲಿಗೆ ಹೋಗುತ್ತಿದ್ದವರ ಮನೆಯ ಆ ಅಜ್ಜಿ ಯಾರೆಂದು ಗೊತ್ತಿದ್ದರೆ ಅದನ್ನೂ ಹೇಳಿ. ಪೆನ್ನು ಹಿಡಿದು ನಾನು ಅಲ್ಲೇ ಕೂತಿರುತ್ತೇನೆ.