ಮನೆವೈದ್ಯರು ಆಚಾರ್ಯರಾದ ಬಗೆ

ವೈದ್ಯನಲ್ಲಿ ಇರತಕ್ಕ ಗುಣಗಳನ್ನು ಎಣಿಸುವಾಗ ಚರಕಾಚಾರ್ಯನು ಶಾಸ್ತ್ರಜ್ಞಾನ, ದಕ್ಷತೆ, ಶುಚಿತ್ವಗಳ ಜೊತೆಗೆ ದೃಷ್ಟಕರ್ಮತೆಯನ್ನೂ ಸೇರಿಸಿರುವನು. ಮಾಡತಕ್ಕ ಕೆಲಸವನ್ನು ಹಲವು ಸಲ ಕಣ್ಣಾರೆ ಕಂಡಿರಬೇಕೆಂಬುದು ಅದರ ಅರ್ಥ. ಶಾಸ್ತ್ರಜ್ಞಾನವನ್ನು ಪಾಠಶಾಲೆಯಲ್ಲಿ ಕುಳಿತು ಸಂಪಾದಿಸಬಹುದು. ದೃಷ್ಟಕರ್ಮತೆಗೆ ಪಾಠಶಾಲೆ ಸಾಲದು. ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ವೈದ್ಯವಿದ್ಯೆಯು ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ನೆಲೆಗೊಂಡಾಗ, ಅದಕ್ಕೂ ಆಸ್ಪತ್ರೆಯೇ ಸಾಕೆಂದು ಬ್ರಿಟನ್ನಿನ ವಿದ್ವಾಂಸರು ನಂಬಿದರು. ವಿದ್ಯಾರ್ಥಿಯು ಅಲ್ಲಿ ನೂರಾರು ರೋಗಿಗಳನ್ನು ನೋಡುತ್ತಿದ್ದನು, ನಿಜ. ಆದರೆ ಒಬ್ಬೊಬ್ಬನನ್ನು ಕೆಲವೇ ದಿನ ನೋಡುತ್ತಿದ್ದನು. ಮಂಚಕ್ಕೆ ಬರುವ ಮೊದಲು ಆ ರೋಗಿಗೆ ಏನಾಗಿತ್ತು, ಮಂಚವನ್ನು ಬಿಟ್ಟು ಹೋದಮೇಲೆ ಏನಾಯಿತು, ಆತನ ಮನೆಯಲ್ಲಿ ಮತ್ತಾರಿಗೆ ಅದೇ ಬಾಧೆ ಇತ್ತು, ಎಂಬಿವು ಕಲಿಸುವವರಿಗೇ ತಿಳಿದಿರಲಿಲ್ಲ. ತಿಳಿದಿದ್ದವರು ಊರೂರುಗಳಲ್ಲಿದ್ದ ಸಾಮಾನ್ಯ ವೈದ್ಯರು. ಅವರನ್ನು ಆಚಾರ್ಯಪೀಠಕ್ಕೆ ಯಾರೂ ಕರೆಯಲಿಲ್ಲ. ಜಗತ್ತಿನ ಒಂದು ವಿಶ್ವವಿದ್ಯಾನಿಲಯವು ಅಂತಹ ಪೀಠವನ್ನು ಮೊಟ್ಟಮೊದಲು ಸ್ಥಾಪಿಸಿದ್ದು 1963ನೆಯ ಇಸವಿಯಲ್ಲಿ.

ಆ ಪೀಠಕ್ಕೆ ಇಟ್ಟ ಹೆಸರು ಜೇಮ್ಸ್ ಮೆಕೆಂಜಿ ಎಂಬುವನದು. ಆತನು ತೀರಿಕೊಂಡು ಆಗಲೇ 38 ವರ್ಷಗಳಾಗಿದ್ದುವು.

ಮೆಕೆಂಜಿಯು 1853ರಲ್ಲಿ ಸ್ಕಾಟ್ಲೆಂಡಿನ ಸ್ಕೋನ್ ಎಂಬಲ್ಲಿ ಒಬ್ಬ ಬೇಸಾಯಗಾರನ ಮಗನಾಗಿ ಹುಟ್ಟಿದನು. ಹದಿನೈದನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ಪರ್ತ್ ನಗರದ ಒಂದು ಔಷಧದಂಗಡಿಯಲ್ಲಿ ಕೆಲಸ ಕಲಿಯಲು ನಿಂತನು. ಅಲ್ಲಿಯೇ ನೆಲೆನಿಲ್ಲಲು ಅವಕಾಶವಿದ್ದರೂ ಅದನ್ನು ಒಲ್ಲದೆ, 1874ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿ, 1878ರಲ್ಲಿ ವೈದ್ಯಪದವಿಯನ್ನು ಪಡೆದನು. ಮರುವರ್ಷವೇ ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿರುವ ಬರ್ನ್ಲಿ ಎಂಬ ಊರಿಗೆ ಹೋಗಿ, ಅಲ್ಲಿನ ಇಬ್ಬರು ವೈದ್ಯರೊಡನೆ ಪಾಲುಗಾರನಾದನು. ಬರ್ನ್ಲಿಯು ಹತ್ತಿಯ ಬಟ್ಟೆಯ ಗಿರಣಿಗಳ ಊರು. ರೋಗಿಗಳಲ್ಲಿ ಬಹುಮಂದಿ ಮಗ್ಗದ ಕೂಲಿಗಳು. ಹಗಲು ರಾತ್ರಿಯೆನ್ನದ ದುಡಿಮೆ; ಪುಸ್ತಕವನ್ನು ತೆರೆಯಲು ಬಿಡುವೇ ಇಲ್ಲದ ಬಾಳು.

ಅಲ್ಲಿಗೆ ಬಂದ ಹೊಸತರಲ್ಲಿ ಆತನು ನೋಡಿಕೊಳ್ಳುತ್ತಿದ್ದ ಒಬ್ಬ ಹೆಂಗಸು ಪ್ರಸವವೇದನೆಯಲ್ಲಿದ್ದಾಗ ಹೃದಯವು ಸೋತು ಸತ್ತಳು. ಹಾಗಾದೀತೆಂದು ಆತನು ಎಣಿಸಿಯೇ ಇರಲಿಲ್ಲ. ಯಾವ ಹೃದಯವು ಗರ್ಭದ ಭಾರವನ್ನು ತಾಳುವುದು, ಯಾವುದು ತಾಳದು, ಎಂದು ಗ್ರಂಥಗಳಲ್ಲಿ ಹುಡುಕಿದರೆ ಉತ್ತರವು ದೊರೆಯಲಿಲ್ಲ. ಹೃದಯದ ಶಬ್ದಗಳನ್ನು ವರ್ಣಿಸಿದವರು ಅನೇಕರಿದ್ದರು. ಆ ಶಬ್ದವುಳ್ಳ ಮನುಷ್ಯನು ಹತ್ತು ವರ್ಷಗಳ ತರುವಾಯ ಏನಾದನೆಂದು ಬರೆದವರು ಇರಲಿಲ್ಲ. ಹೇಗೆ ಬರೆದಾರು? ಆಸ್ಪತ್ರೆಯ ವೈದ್ಯನು ಆತನನ್ನು ಎರಡನೆಯ ಸಲ ಕಂಡಿದ್ದರಲ್ಲವೆ! ಮೆಕೆಂಜಿಗೆ ಮಾತ್ರ ಕಾಣುವ ಅನುಕೂಲವಿತ್ತು. ಆತನ ರೋಗಿಗಳು ಅದೇ ಬೀದಿಗಳಲ್ಲಿ ವಾಸಿಸಿ, ಅದೇ ಗಿರಣಿಗಳಿಗೆ ಹೋಗಿ, ಕಾಯಿಲೆಯಾದಾಗಲೆಲ್ಲ ಆತನ ಬಾಗಿಲಿಗೇ ಬರುವವರು. ಅಂದಿನಿಂದ ಆತನು ಒಬ್ಬೊಬ್ಬರ ನಾಡಿಯನ್ನೂ ಹೃದಯವನ್ನೂ ಪರೀಕ್ಷಿಸಿ ಬರೆದಿಡತೊಡಗಿದನು. ಕೈಯ ನಾಡಿಯನ್ನೂ ಕುತ್ತಿಗೆಯ ಸಿರೆಯ ಮಿಡಿತವನ್ನೂ ಏಕಕಾಲದಲ್ಲಿ ಕಾಗದದ ಮೇಲೆ ಮೂಡಿಸುವ ಒಂದು ಯಂತ್ರವನ್ನು ಕಲ್ಪಿಸಿ, ಲ್ಯಾಂಕಷೈರಿನ ಒಬ್ಬ ಗಡಿಯಾರದ ಕಸುಬಿನವನ ನೆರವಿನಿಂದ ಅದನ್ನು ಶಾಯಿಯಿಂದ ಬರೆಯುವ ಯಂತ್ರವಾಗಿ ತಿದ್ದಿದನು.

ಈ ಬರಹಗಳಲ್ಲೆಲ್ಲ ಒಬ್ಬ ಹೆಂಗಸಿನ ವೃತ್ತಾಂತವು ಮುಖ್ಯವಾದುದು. ಈಕೆಯನ್ನು ಆತನು 1880ರಿಂದ ನೋಡುತ್ತಿದ್ದನು. ಈಕೆಯ ಹೃದಯದ ಒಂದು ಕವಾಟವು ಕಿರಿದಾಗುತ್ತ ಬಂದಿತು. ಹೃದಯದ ಮೇಲಿನ ಕೋಣೆಯಾದ ಹೃತ್ಕರ್ಣವು ಸಂಕೋಚಗೊಳ್ಳುವಾಗ ಕುತ್ತಿಗೆಯ ಸಿರೆಯಲ್ಲಿ ಒಂದು ಅಲೆ ಏಳುವುದಷ್ಟೆ. 1898ರಲ್ಲಿ ಈಕೆಯ ನಾಡಿಯು ಒಮ್ಮೆಗೇ ಕ್ರಮತಪ್ಪಿತು. ಬರೆದ ಗೆರೆಯನ್ನು ನೋಡಿದರೆ ಆ ಅಲೆಯೇ ಕಾಣೆಯಾಗಿದ್ದಿತು. ಹದಿನೆಂಟು ವರ್ಷಗಳ ಹಳೆಯ ಲೆಕ್ಕವು ಕೈಯಲ್ಲಿಲ್ಲದಿದ್ದರೆ, ಇದ್ದುದು ಇಲ್ಲವಾಯಿತೆಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೃತ್ಕರ್ಣವು ನಿಶ್ಚೇಷ್ಟಿತವಾಯಿತೆಂದು ಮೆಕೆಂಜಿಯು ಮೊದಲು ಊಹಿಸಿದನು. ಅದು ನಿಂತಿಲ್ಲ, ಅಡ್ಡಾದಿಡ್ಡಿಯಾಗಿ ಅದುರುತ್ತಿದೆ ಎಂಬುದನ್ನು ಆತನ ಕಿರಿಯ ಮಿತ್ರನಾದ ತಾಮಸ್ ಲೂಯಿಸನು 1909ರಲ್ಲಿ ವಿದ್ಯುತ್ತಿನ ಯಂತ್ರದಿಂದ ತೋರಿಸಿದನು. ಊಹೆಯು ತಪ್ಪಿದರೂ ನೋಟವು ತಪ್ಪಿರಲಿಲ್ಲ. ನಡುನಡುವೆ ನಾಡಿ ತಪ್ಪುವ ಎಷ್ಟೋ ಜನರು ಯಾವ ಕೇಡೂ ಇಲ್ಲದೆ ದೀರ್ಘಕಾಲ ಬಾಳುವರೆಂಬುದನ್ನೂ ಆತನು ಇದೇ ಬಗೆಯಲ್ಲಿ, ಕಾದು ನೋಡಿ, ನಿಶ್ಚಯಿಸಿದನು. ಅದುವರೆಗೆ ಅಂತಹವರನ್ನು ಹೃದ್ರೋಗಿಗಳೆಂದು ಹೆದರಿಸಿ ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸುತ್ತಿದ್ದರು.

ನಾಡಿಯನ್ನು ಕುರಿತ ಆತನ ದೊಡ್ಡ ಗ್ರಂಥವು 1902ರಲ್ಲಿ ಪ್ರಕಟವಾಯಿತು. 1907ರಲ್ಲಿ, ಐವತ್ತುನಾಲ್ಕನೆಯ ವಯಸ್ಸಿನಲ್ಲಿ, ಆತನು ಬರ್ನ್ಲಿಯನ್ನು ಬಿಟ್ಟು ಲಂಡನ್ನಿಗೆ ಹೋದನು. ಅಲ್ಲಿ ಕೀರ್ತಿ ಬಂದಿತು, ಧನ ಬಂದಿತು, 1915ರಲ್ಲಿ ಸರ್ ಎಂಬ ಬಿರುದೂ ಬಂದಿತು. ಆದರೆ ಬಂದುದೆಲ್ಲ ಹೃದಯತಜ್ಞನಿಗೆ. ಊರ ವೈದ್ಯನಾಗಿ ಕಲಿತುದರಿಂದಲೇ ದೊಡ್ಡವನಾದವನನ್ನು ಲೋಕವು ಊರ ವೈದ್ಯನಲ್ಲವೆಂದು ಮಾಡಿ ಗೌರವಿಸಿತು. ಮೆಕೆಂಜಿಗೆ ಇದು ಹಿತವಾಗಲಿಲ್ಲ. ರೋಗದ ಮೊಳಕೆಯನ್ನು ಕಾಣದವರು ಅದರ ಹಣ್ಣನ್ನು ಮಾತ್ರ ತೋರಿಸಿ ಕಲಿಸುತ್ತಿರುವರೆಂಬುದು ಆತನ ದೂರು. ಕೈತುಂಬ ಬರುತ್ತಿದ್ದ ವರಮಾನವನ್ನು ಬಿಟ್ಟು 1918ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಚಿಕ್ಕ ಊರಿಗೆ ಮರಳಿ, ಮರುವರ್ಷ ಅಲ್ಲಿ ಒಂದು ಸಂಶೋಧನಾಲಯವನ್ನು ತೆರೆದನು. ಆ ಊರಿನ ವೈದ್ಯರೇ ಅಲ್ಲಿನ ಸಂಶೋಧಕರು. ಊರವರ ಆರೋಗ್ಯವನ್ನು ಬಾಲ್ಯದಿಂದ ಮೊದಲ್ಗೊಂಡು ಬರೆದಿಟ್ಟು, ರೋಗವು ಯಾವ ಬಾಗಿಲಿನಿಂದ ಒಳಹೊಗುವುದೆಂದು ಕಂಡುಹಿಡಿಯಬೇಕೆಂಬುದು ಉದ್ದೇಶ. ಇಂತಹ ಕೆಲಸಕ್ಕೆ ಒಂದು ತಲೆಮಾರೇ ಬೇಕು. ಆತನಿಗೆ ದೊರೆತುದು ಆರು ವರ್ಷ. ಹೃದಯಶೂಲೆಯು ಆತನನ್ನೇ ಹಿಡಿದಿದ್ದಿತು. ಆ ರೋಗವನ್ನು ಕುರಿತು 1923ರಲ್ಲಿ ಬರೆದ ಗ್ರಂಥದಲ್ಲಿ ಹೆಸರು ಹೇಳದೆ ತನ್ನ ವೃತ್ತಾಂತವನ್ನೂ ಒಬ್ಬ ರೋಗಿಯದೆಂಬಂತೆ ಸೇರಿಸಿದನು. 1925ರ ಜನವರಿಯಲ್ಲಿ ತೀರಿಕೊಂಡಾಗ, ಆತನ ಇಚ್ಛೆಯಂತೆಯೇ ಮಿತ್ರರು ಆತನ ಹೃದಯವನ್ನು ತೆಗೆದು ಪರೀಕ್ಷಿಸಿದರು.

ಮರುವರ್ಷ, ಎಂದರೆ 1926ರಲ್ಲಿ, ಯಾರ್ಕ್‌ಷೈರಿನ ವೆನ್ಸ್ಲಿಡೇಲ್ ಎಂಬ ಕಣಿವೆಯಲ್ಲಿದ್ದ ಒಬ್ಬ ಹಳ್ಳಿಯ ವೈದ್ಯನು ಮೆಕೆಂಜಿಯ ಒಂದು ಗ್ರಂಥವನ್ನು ಓದಿದನು. ಆತನೇ ವಿಲಿಯಂ ಪಿಕಲ್ಸ್. 1885ರಲ್ಲಿ ಲೀಡ್ಸ್ ನಗರದಲ್ಲಿ ಹುಟ್ಟಿದವನು, ತಂದೆಯೂ ವೈದ್ಯನೇ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆಯೇ ಏಸ್ಗಾರ್ತ್ ಎಂಬ ಹಳ್ಳಿಯಲ್ಲಿ ನೆಲೆಸಿ, 1964ರವರೆಗೆ ಅಲ್ಲಿಯೇ ವೈದ್ಯವೃತ್ತಿಯನ್ನು ನಡೆಸಿದನು. ಬೆಟ್ಟದ ಮೇಲೆ ನಿಂತು ನೋಡಿದರೆ ಕೆಳಗಿನ ಹಳ್ಳಿಗಳಲ್ಲಿ ಹೆಸರು ಹಿಡಿದು ಕರೆಯಲಾರದ ಮನುಷ್ಯನು ಆತನಿಗೆ ಬಹುಶಃ ಒಬ್ಬನೂ ಇರಲಿಲ್ಲ. ನಾಲ್ವತ್ತು ತುಂಬಿದ ಮೇಲೆ, ತಾನೂ ಏನಾದರೂ ಕಂಡುಹಿಡಿಯಬಹುದೆಂಬ ಆಸೆಯು ಆತನಲ್ಲಿ ಮೂಡಿದ್ದು ಆ ಓದಿನಿಂದ.

1929ರಲ್ಲಿ ಕಣಿವೆಯಲ್ಲಿ ಕಾಮಾಲೆಯು ಹರಡಿತು. 5,700 ಜನರಲ್ಲಿ ಸುಮಾರು 250 ಜನರಿಗೆ ಅದು ತಗಲಿತು. ಒಂದು ಹಳ್ಳಿಯಲ್ಲಿ ಉತ್ಸವ ನಡೆಯುವ ದಿನ ಬೆಳಗ್ಗೆ ಪಿಕಲ್ಸನು ಒಬ್ಬ ಹುಡುಗಿಯನ್ನು ನೋಡಲು ಹೋಗಿದ್ದನು. ತಲೆನೋವೆಂದು ಮಲಗಿದ್ದವಳು ಹಾಸಿಗೆಯಿಂದ ಏಳುವಳೆಂದು ಆತನಿಗೆ ತೋರಲೇ ಇಲ್ಲ. ಮಧ್ಯಾಹ್ನ ನೋಡಿದರೆ ಆಕೆಯು ಉತ್ಸವದಲ್ಲಿ ನಲಿಯುತ್ತಿದ್ದಳು! ಆ ಒಂದು ಮಧ್ಯಾಹ್ನದ ಭೇಟಿಗಳನ್ನು ಹಿಡಿದು, ಯಾರು ಯಾರ ಬಳಿ ನಿಂತರು, ಎಷ್ಟು ದಿನಗಳ ಮೇಲೆ ಯಾರ ಕಣ್ಣು ಹಳದಿಯಾಯಿತು, ಎಂದು ಲೆಕ್ಕ ಹಾಕಿ, ಸೋಂಕು ತಗಲಿದ ದಿನದಿಂದ 26 ರಿಂದ 35 ದಿನಗಳೊಳಗೆ ರೋಗವು ಕಾಣಿಸಿಕೊಳ್ಳುವುದೆಂದು ಆತನು ನಿರ್ಣಯಿಸಿದನು. ಲಂಡನ್ನಿನ ಆಸ್ಪತ್ರೆಯಲ್ಲಿ ಇದು ಸಾಧ್ಯವೇ ಇರಲಿಲ್ಲ. ಅಲ್ಲಿನ ಬೀದಿಗಳಲ್ಲಿ ಯಾರು ಯಾರನ್ನು ಮುಟ್ಟಿದರೆಂದು ಬಲ್ಲವರಾರು? ದೂರದೂರವಿರುವ ಹಳ್ಳಿಗಳಲ್ಲಿ ಹೊಸಬನೊಬ್ಬನು ಬಂದರೂ ಎಲ್ಲರಿಗೂ ತಿಳಿಯುವುದು. ವೈದ್ಯನಿಗಂತೂ ತಿಳಿದೇ ತಿಳಿಯುವುದು. ಅಂಟುರೋಗಗಳ ದಿನಗಣನೆಯ ಪಟ್ಟಿಗಳನ್ನು ಮನೆಯಲ್ಲಿ ಬರೆದು ಇಡುತ್ತಿದ್ದವಳು ಆತನ ಹೆಂಡತಿ, ಮಗಳೂ ಕೈಗೂಡಿಸುತ್ತಿದ್ದಳು. ಇಂತಹ ಗೃಹಿಣಿಯರ ಹೆಸರು ಗ್ರಂಥದ ಮುಖಪತ್ರದಲ್ಲಿ ಅಚ್ಚಾಗುವುದಿಲ್ಲವೆಂಬುದು ಎಲ್ಲ ದೇಶಗಳಿಗೂ ಸಾಮಾನ್ಯವಾದ ಅನ್ಯಾಯ. ಗ್ರಂಥವು 1939ರಲ್ಲಿ ಹೊರಬಂದಿತು. ಪಿಕಲ್ಸನು ಕೀರ್ತಿವಂತನಾದನು, ಆದರೆ ಮೆಕೆಂಜಿಯಂತೆ ಊರನ್ನು ಬಿಡಲಿಲ್ಲ.

ಇಷ್ಟಾದರೂ ಸಾಮಾನ್ಯ ವೈದ್ಯರ ಸ್ಥಿತಿಯು ಒಟ್ಟಿನಲ್ಲಿ ಹೀನವಾಗಿಯೇ ಇದ್ದಿತು. 1950ರಲ್ಲಿ ಜೋಸೆಫ್ ಕಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ವೈದ್ಯನು ಇಂಗ್ಲೆಂಡಿನ ಅನೇಕ ಚಿಕಿತ್ಸಾಲಯಗಳನ್ನು ಸುತ್ತಿನೋಡಿ ಬರೆದ ವರದಿಯು, ಅವುಗಳಲ್ಲಿನ ಕೊಳಕನ್ನೂ ಅವಸರವನ್ನೂ ಮುಚ್ಚುಮರೆಯಿಲ್ಲದೆ ಹೇಳಿತು. ಅದು ಕೆಲವರನ್ನು ಕೆರಳಿಸಿತು, ಕೆಲವರನ್ನು ಎಚ್ಚರಿಸಿತು. ಎಚ್ಚರಗೊಂಡವರು ತಮ್ಮದೇ ಒಂದು ವಿದ್ವತ್ಪರಿಷತ್ತನ್ನು ಕಟ್ಟಲು ಹೊರಟರು. ನೂರು ವರ್ಷಗಳ ಹಿಂದೆಯೇ ಇಂತಹ ಒಂದು ಯತ್ನವು ನಡೆದು ಮುರಿದುಬಿದ್ದಿದ್ದಿತು. ಹಳೆಯ ವೈದ್ಯಪರಿಷತ್ತುಗಳು ಈಗಲೂ ಒಪ್ಪಲಿಲ್ಲವಾದ್ದರಿಂದ ಕೆಲಸವೆಲ್ಲವೂ ಗುಟ್ಟಾಗಿ ನಡೆದು, 1952ರ ನವೆಂಬರಿನಲ್ಲಿ ಪರಿಷತ್ತು ಸ್ಥಾಪಿತವಾಯಿತು. ಅದರ ಮೊದಲ ಅಧ್ಯಕ್ಷನಾದವನು ಪಿಕಲ್ಸ್. ಆದರೂ 1958ರಲ್ಲಿ, ವೈದ್ಯರ ವೇತನವನ್ನು ವಿಚಾರಿಸುತ್ತಿದ್ದ ರಾಜನಿಯೋಗದ ಮುಂದೆ ಸಾಕ್ಷಿ ಹೇಳಿದ ಲಾರ್ಡ್ ಮೊರಾನನು, ಏಣಿಯನ್ನು ಹತ್ತಲಾರದೆ ಜಾರಿ ಬಿದ್ದವರೇ ಸಾಮಾನ್ಯ ವೈದ್ಯರಾಗುವರೆಂಬ ಅಭಿಪ್ರಾಯವನ್ನು ಕೊಟ್ಟನು. ಈತನು ಚರ್ಚಿಲ್ ಮಹಾಶಯನ ವೈದ್ಯನಾಗಿದ್ದವನು. ಏಣಿಯ ತುದಿಯಲ್ಲಿ ಕುಳಿತವನಿಗೆ ಕೆಳಗಿನವರೆಲ್ಲ ಬಿದ್ದವರಂತೆಯೇ ತೋರುವುದು ಸಹಜ.

ಹೀಗೆ ಕಲಿಸುವ ಯೋಗ್ಯತೆಯೇ ಸಂದೇಹಾಸ್ಪದವಾಗಿದ್ದಾಗ, ಎಡಿನ್‌ಬರೋದಲ್ಲಿ ರಿಚರ್ಡ್ ಸ್ಕಾಟ್ ಎಂಬುವನು ಒಂದು ಉಪಾಯವನ್ನು ಮಾಡಿದನು. ಸಾಮಾನ್ಯ ವೈದ್ಯವು ಒಂದೇ ಊರಿನಲ್ಲಿ ನಿಂತು ಕಲಿಯುವ ವಿದ್ಯೆ. ವಿಶ್ವವಿದ್ಯಾನಿಲಯದಲ್ಲಾದರೋ ವಿದ್ಯಾರ್ಥಿಯು ನಿಲ್ಲುವವನಲ್ಲ. ಹಾಗಾದರೆ ವಿಶ್ವವಿದ್ಯಾನಿಲಯವೇ ಒಂದು ಊರವೈದ್ಯಶಾಲೆಯನ್ನು ನಡೆಸಲಿ, ಎಂದು 1948ರಲ್ಲಿ ಒಂದು ಬೋಧನಶಾಲೆಯನ್ನು ಆರಂಭಿಸಿದನು. ಅದಕ್ಕೆ ನೆಲೆಯಾದುದು, ಬಡವರಿಗಾಗಿ 1776ರಲ್ಲಿ ಸ್ಥಾಪಿತವಾಗಿದ್ದ ಹಳೆಯ ಔಷಧಾಲಯ. ಅಲ್ಲಿನ ಕುಟುಂಬಗಳ ಚಿಕಿತ್ಸೆಯ ಪೂರ್ಣಹೊಣೆಯು ಆಚಾರ್ಯರ ಮೇಲೆಯೇ ಇದ್ದಿತು. ವಿದ್ಯಾರ್ಥಿಗಳು ರೋಗಿಗಳ ಮನೆಗಳಿಗೆ ಹೋಗಿ, ಒಲೆಯ ಬಳಿ ಯಾರು ಮಲಗುವರು, ಗೋಡೆ ಎಷ್ಟು ತೇವವಾಗಿದೆ, ಎಂಬುದನ್ನು ಕಂಡು ಬರುವರು. 1963ರಲ್ಲಿ ಮೆಕೆಂಜಿಯ ಹೆಸರಿನ ಪೀಠವು ಏರ್ಪಟ್ಟಾಗ ಅದನ್ನು ಅಲಂಕರಿಸಿದವನು ಈ ಸ್ಕಾಟನೇ.

ಇದೇ ಕಾಲದಲ್ಲಿ ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞನಾದ ಮೈಕೇಲ್ ಬಾಲಿಂಟನು ಸಾಮಾನ್ಯ ವೈದ್ಯರ ಚಿಕ್ಕ ಗುಂಪುಗಳನ್ನು ವಾರಕ್ಕೊಮ್ಮೆ ಸೇರಿಸಿ, ತಮ್ಮನ್ನು ಕಾಡುವ ರೋಗಿಗಳ ವಿಷಯವಾಗಿ ಅವರಿಂದ ಮಾತನಾಡಿಸುತ್ತಿದ್ದನು. ಈತನೂ ವೈದ್ಯಪುತ್ರನೇ, ಬೂಡಾಪೆಸ್ಟಿನ ಒಬ್ಬ ಸಾಮಾನ್ಯ ವೈದ್ಯನ ಮಗ. ವೈದ್ಯನು ಕೊಡುವ ಮದ್ದುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಪ್ರಯೋಗವಾಗುವುದು ವೈದ್ಯನೇ, ಅದರ ಪ್ರಮಾಣವನ್ನು ಮಾತ್ರ ಯಾವ ಗ್ರಂಥವೂ ಹೇಳದು, ಎಂಬುದು 1957ರಲ್ಲಿ ಪ್ರಕಟವಾದ ಈತನ ಗ್ರಂಥದ ಸಾರ.

ಇನ್ನು ಇಯಾನ್ ಮಕ್ವಿನ್ನಿಯ ವಿಷಯ. ಪಿಕಲ್ಸನು ಮೆಕೆಂಜಿಯ ಗ್ರಂಥವನ್ನು ಓದಿದ ಅದೇ 1926ರಲ್ಲಿ, ಮೆಕೆಂಜಿಯು ದುಡಿದಿದ್ದ ಅದೇ ಬರ್ನ್ಲಿಯಲ್ಲಿ ಈತನು ಹುಟ್ಟಿದನು. ಇದು ಕಾಕತಾಳೀಯವೇ ಸರಿ. ಕೇಂಬ್ರಿಜ್ಜಿನಲ್ಲಿಯೂ ಲಂಡನ್ನಿನಲ್ಲಿಯೂ ಓದಿ, ಸ್ಟ್ರಾಟ್‌ಫರ್ಡಿನಲ್ಲಿ, ಷೇಕ್ಸ್‌ಪಿಯರನ ಊರಿನಲ್ಲಿ, ತಂದೆಯು ನಡೆಸುತ್ತಿದ್ದ ಚಿಕಿತ್ಸಾಲಯವನ್ನು ಸೇರಿ ಹದಿನಾಲ್ಕು ವರ್ಷ ದುಡಿದನು. ನಮ್ಮ ವೈದ್ಯಮನೆತನಗಳಲ್ಲಿ ಮಗನು ತಂದೆಯ ಹಿಂದೆ ಚೀಲ ಹೊತ್ತು ನಡೆದಂತೆಯೇ ಇದು. 1964ರಲ್ಲಿ, ರೋಗಗಳ ಮೊದಮೊದಲ ಚಿಹ್ನೆಗಳನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಮೆಕೆಂಜಿಯ ಹಂಬಲವೂ ಅದೇ ಆಗಿದ್ದಿತಲ್ಲವೆ! ಅಮೆರಿಕೆಯನ್ನು ಸುತ್ತಿಬಂದು, ಸಾಮಾನ್ಯ ವೈದ್ಯವೂ ಒಂದು ಸ್ವತಂತ್ರವಾದ ಶಾಸ್ತ್ರವೆಂದು 1966ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಾದಿಸಿದನು. 1968ರಲ್ಲಿ ಕೆನಡಾ ದೇಶದ ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾನಿಲಯವು ಆತನನ್ನು ಕರೆಯಿತು. ಕುಟುಂಬವೈದ್ಯಶಾಸ್ತ್ರಕ್ಕೆ ಆ ದೇಶದಲ್ಲಿ ಮೊದಲ ಆಚಾರ್ಯನು ಆತನೇ. ಮರುವರ್ಷ ಅಮೆರಿಕೆಯೂ ಇದನ್ನು ಪ್ರತ್ಯೇಕ ಶಾಖೆಯೆಂದು ಒಪ್ಪಿಕೊಂಡಿತು.

ಹದಿನಾಲ್ಕು ವರ್ಷಗಳಿಂದ ಬಲ್ಲ ಮನೆಗಳನ್ನು ಬಿಟ್ಟು, ಯಾರೊಬ್ಬರನ್ನೂ ಅರಿಯದ ಊರಿನಲ್ಲಿ, ಜನರನ್ನು ದೀರ್ಘಕಾಲ ಅರಿತಿರಬೇಕೆಂದು ಕಲಿಸಬೇಕಾದ ಪರಿಸ್ಥಿತಿಯು ಮಕ್ವಿನ್ನಿಗೆ ಬಂದಿತು. ಆಚಾರ್ಯನಾಗುವುದಕ್ಕೆ ತೆರಬೇಕಾದ ಬೆಲೆಯೇ ಅದು. ಬರ್ನ್ಲಿಯನ್ನು ಬಿಟ್ಟ ಮೆಕೆಂಜಿಯೂ ಅದನ್ನೇ ತೆತ್ತಿದ್ದನು. ಇತರ ವೈದ್ಯರು ಒಂದು ಅವಯವಕ್ಕೋ ಒಂದು ರೋಗಕ್ಕೋ ಕಟ್ಟುಬಿದ್ದಿರುವರು, ಕುಟುಂಬವೈದ್ಯನು ಮನುಷ್ಯನಿಗೆ ಕಟ್ಟುಬಿದ್ದವನು, ಆದಕಾರಣ ರೋಗವು ವಾಸಿಯಾದರೂ ವಾಸಿಯಾಗದಿದ್ದರೂ ಅವರ ಸಂಬಂಧವು ಮುಗಿಯದು, ಎಂಬುದು ಆತನ ಬೋಧನೆಯ ತಿರುಳು. 1989ರಲ್ಲಿ ಪ್ರಕಟವಾದ ಆತನ ಪಠ್ಯಗ್ರಂಥದಲ್ಲಿ ಅದು ವಿಸ್ತಾರವಾಗಿ ಪ್ರತಿಪಾದಿತವಾಗಿದೆ. ಪೀಠದಿಂದ 1987ರಲ್ಲಿ ಇಳಿದ ತರುವಾಯವೂ ಆತನು ಅದೇ ಊರಿನಲ್ಲಿ ನೆಲೆಸಿ, 2012ರಲ್ಲಿ ತೀರಿಕೊಂಡನು. ಕೆನಡಾದ ಆ ಊರಿನ ಹೆಸರೂ ಲಂಡನ್ನೇ.